ಕರ್ಚೀಫು ಹಾಕಿದ ಹಾಡು

ಇದನ್ನು ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ನನ್ನ ಬಳಿ ಒಳ್ಳೊಳ್ಳೆಯ ಕಾರಣಗಳಿದ್ದವು. ಮೊದಲು ಮಗಳ ಮದುವೆ ಆಗಬೇಕಿತ್ತು. ಆಮೇಲೆ ಮನೆಗೆ ಸುಣ್ಣ ಬಳಿಸಬೇಕಿತ್ತು. ಆಮೇಲೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಈಗ ಎಲ್ಲವೂ ಆಗಿದೆ. ಪೊರೆ ತೆಗೆಸಿದ ಮೇಲೆ ಮೂಲೆಯಲ್ಲಿದ್ದ ಧೂಳೆಲ್ಲ ಕಾಣುತ್ತಿದೆ, ನೆಪ ಮಾತ್ರ ಎಲ್ಲೂ ಕಾಣುತ್ತಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ಓದಿದ ಮೇಲೆ ನಮ್ಮ ನೆಂಟರಲ್ಲಿ ಕೆಲವರು ನನ್ನ ಜೊತೆ ಮಾತು ಬಿಡಬಹುದು. ಬಿಡಲಿ! ಈ ವಯಸ್ಸಿನಲ್ಲಿ ಅವರ ಮಾತು ನನಗೆ ಕೇಳುವುದೇ ಅರ್ಧ.

ನಮ್ಮ ಅತ್ತಿಗೆ ಹುಟ್ಟಿದ್ದೇ ಖಾಲಿ ಜಾಗ ಕಾಯುವುದಕ್ಕೆ.

ಅವರ ಹೆಸರೇನು ಎಂದು ಕೇಳಬೇಡಿ. ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅಣ್ಣ ಅವರನ್ನು ‘ಇವಳೇ’ ಎನ್ನುತ್ತಿದ್ದ, ಮಕ್ಕಳು ‘ಅಮ್ಮ’, ವಠಾರದವರು ‘ಕೊನೇಮನೆಯವರು’, ನಾನು ‘ಅತ್ತಿಗೆ’. ಅವರಿಗೊಂದು ಹೆಸರಿದೆ ಎಂಬ ವಿಷಯ ರೇಷನ್ ಅಂಗಡಿಯವನಿಗೆ ಮಾತ್ರ ಗೊತ್ತಿತ್ತು.

ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಸಿಟಿ ಬಸ್ಸು ಹತ್ತಿದವರಿಗೆ ಕರ್ಚೀಫಿನ ಕಾನೂನು ಗೊತ್ತೇ ಇರುತ್ತದೆ. ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಒಳಗೆ ಎಸೆದರೆ ಆ ಸೀಟು ನಿಮ್ಮದು. ಪೈಲ್ವಾನನೇ ಮೊದಲು ಹತ್ತಿದರೂ ಆ ತುಂಡು ಬಟ್ಟೆ ನೋಡಿ ಮುಂದೆ ಹೋಗಬೇಕು. ಬೇರೆಯವರೆಲ್ಲ ತಮಗಾಗಿ ಎಸೆಯುತ್ತಿದ್ದರು. ಅತ್ತಿಗೆ ಎಸೆಯುತ್ತಿದ್ದದ್ದು ಬೇರೆಯವರಿಗಾಗಿ. ಮತ್ತು ಅವರ ಪ್ರಕಾರ ಆ ಕಾನೂನಿಗೆ ಇನ್ನೊಂದು ಕಲಮು ಇತ್ತು: ಒಮ್ಮೆ ಕರ್ಚೀಫು ಹಾಕಿದ ಮೇಲೆ ಆ ಮನುಷ್ಯ ಬರಲಿ ಬಿಡಲಿ, ಜಾಗ ಅವನದೇ.

ಒಂದು ಭಾನುವಾರ ಮಾರ್ಕೆಟ್ಟಿನಲ್ಲಿ ನಾನು ಕಡಲೆಕಾಯಿ ಕೊಳ್ಳಲು ಹೋದಾಗ ಬಸ್ಸು ಹೊರಟುಹೋಯಿತು. ಒಳಗೆ ಅತ್ತಿಗೆ, ಅವರ ಪಕ್ಕದಲ್ಲಿ ನನ್ನ ಹೆಸರಿನ ಕರ್ಚೀಫು. ಒಬ್ಬ ದಪ್ಪ ಮನುಷ್ಯರು ಬಂದು, ಯಾರೂ ಇಲ್ಲವಲ್ಲ ಕೂತುಕೊಳ್ಳಲೇ ಎಂದರಂತೆ.

“ಜನ ಇದಾರೆ,” ಎಂದರಂತೆ ಅತ್ತಿಗೆ.

“ಎಲ್ಲಮ್ಮ?”

“ಹಿಂದಿನ ಬಸ್ಸಲ್ಲಿ.”

ಕಂಡಕ್ಟರು ಪಂಚಾಯಿತಿಗೆ ಬಂದ. ಹಿಂದಿನ ಬಸ್ಸಿನಲ್ಲಿ ಬರುವವರಿಗೆ ಈ ಬಸ್ಸಿನಲ್ಲಿ ಸೀಟು ಯಾಕೆ ತಾಯಿ ಎಂದು ಕೇಳಿದ್ದಕ್ಕೆ ಅತ್ತಿಗೆ, “ಮತ್ತೆ ಅವನು ಅಲ್ಲಿಂದ ಇಲ್ಲೀವರೆಗೂ ನಿಂತ್ಕೊಂಡು ಬರಬೇಕಾ?” ಎಂದು ತಿರುಗಿ ಕೇಳಿದರಂತೆ. ಈ ಪ್ರಶ್ನೆಗೆ ಯಾವ ಕಂಡಕ್ಟರ್ ಉತ್ತರ ಕೊಡಬಲ್ಲ? ಜಯನಗರದವರೆಗೂ ಆ ಸೀಟಿನ ಮೇಲೆ ಕರ್ಚೀಫೊಂದೇ ಆರಾಮಾಗಿ ಕೂತು ಬಂತು. ನಾನು ಹಿಂದಿನ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತ ಬಂದು ಇಳಿದರೆ, ಸ್ಟಾಪಿನಲ್ಲೇ ಕಾದು ನಿಂತಿದ್ದ ಅತ್ತಿಗೆ, “ಕಿಟಕಿ ಪಕ್ಕದ ಸೀಟು ಕಣೋ. ಗಾಳಿ ಚೆನ್ನಾಗಿತ್ತು,” ಎಂದರು. ನಾನೇ ಕೂತು ಬಂದ ಹಾಗೆ!

ಸೀಮೆಎಣ್ಣೆ ಡಿಪೋ ಮುಂದೆ ಜನರ ಬದಲು ಕಲ್ಲುಗಳು ಸಾಲು ನಿಲ್ಲುತ್ತಿದ್ದ ಕಾಲ ಅದು. ಬೆಳಿಗ್ಗೆ ಒಂದು ಕಲ್ಲೋ, ಒಡೆದ ಇಟ್ಟಿಗೆಯೋ ಇಟ್ಟು ಮನೆಗೆ ಹೋಗಿ ತಿಂಡಿ ತಿಂದು ಬರಬಹುದಿತ್ತು. ಯಾವ ಕಲ್ಲು ಯಾರದು ಎಂಬುದು ಅತ್ತಿಗೆಗೆ ಬಾಯಿಪಾಠ. ಸಾಲು ಮುಂದೆ ಸರಿದಾಗ ಬಗ್ಗಿ, ಒಂದೊಂದನ್ನೂ ಎರಡೂ ಕೈಯಲ್ಲಿ ಎತ್ತಿ ಮುಂದಿಡುತ್ತಿದ್ದರು. ಒಮ್ಮೆ ಯಾರೋ ಅವಸರದವನು ಒಂದು ಕಲ್ಲನ್ನು ಕಾಲಿನಿಂದ ತಳ್ಳಿದ. ಅತ್ತಿಗೆಗೆ ಸಿಟ್ಟು ಬಂತು. “ಕಾಲಲ್ಲಿ ತಳ್ತೀರಲ್ಲ, ಅವರು ರಿಟೈರ್ಡ್ ಹೆಡ್ಮಾಸ್ಟ್ರು!”

ಇಂಥವರಿಗೆ ಹಾಡಿನ ಹುಚ್ಚು ಬೇರೆ.

ಕಂಠ ಕೋಗಿಲೆಯದ್ದು ಎಂದು ಸುಳ್ಳು ಹೇಳಲಾರೆ. ದಪ್ಪ ಕಂಠ, ಹಿತ್ತಾಳೆ ಕೊಳಗಕ್ಕೆ ಮರದ ಸೌಟು ತಾಗಿದ ಹಾಗೆ. ರೇಡಿಯೋದಲ್ಲಿ ಕೇಳಿದ್ದನ್ನು ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಆದರೆ ಎಲ್ಲಿ, ಯಾವಾಗ ಹಾಡುತ್ತಾರೆ ಎಂಬುದರಲ್ಲಿತ್ತು ಅವರ ಕರಾಮತ್ತು. ದೇಶಭಕ್ತಿಯ ಗೀತೆಗಳು ಮಂಚದ ತಿಗಣೆ ಹೊಡೆಯುವಾಗ ಮಾತ್ರ. ವೈರಿಪಡೆ, ರಣಕಹಳೆ, ಕೊನೆಯ ಉಸಿರು ಎಂದೆಲ್ಲ ಅವರು ಹಾಡುತ್ತಿದ್ದರೆ ಆ ಹಾಡು ತಿಗಣೆಗಾಗಿಯೇ ಬರೆದದ್ದು ಎನ್ನಿಸುತ್ತಿತ್ತು. ಸುಪ್ರಭಾತವನ್ನು ಮಧ್ಯಾಹ್ನ ಅಣ್ಣ ನಿದ್ದೆ ಹೋದ ಮೇಲೆ ಹಾಡುತ್ತಿದ್ದರು. ಆಗ ಅದು ಭಕ್ತಿಗೀತೆ ಅಲ್ಲ, ಜಗಳ. ಈಗಿನ ಮಕ್ಕಳು ಇನ್ನೊಬ್ಬರ ಹಾಡನ್ನು ತಮ್ಮ ರೀತಿಯಲ್ಲಿ ಹಾಡಿ ‘ಕವರ್ ವರ್ಷನ್’ ಎನ್ನುತ್ತಾರೆ, ಅದಕ್ಕೆ ಗಿಟಾರು ಬೇಕು, ದೀಪ ಬೇಕು. ನಮ್ಮತ್ತಿಗೆಗೆ ತಿಗಣೆ ಸಾಕಾಗಿತ್ತು.

ನಾನೂ ಹಾಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿನ ಹುಡುಗರೆಲ್ಲ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಗಂಡು ಕಂಠ ನಾನು, ಹಾಡುಗಳ ನಡುವೆ ಮೈಕು ಹಿಡಿದು ಗಾಯಕರ ಹೆಸರು ಹೇಳುವವನೂ ನಾನೇ. ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು. ನನ್ನನ್ನು ನೋಡಿ ನನಗೇ ಆಟೋಗ್ರಾಫ್ ಕೇಳಬೇಕು ಅನ್ನಿಸುತ್ತಿತ್ತು.

ಆ ವರ್ಷ ಜಯನಗರದ ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಒಪ್ಪಿಕೊಂಡಿದ್ದೆವು. ಕಾರ್ಯಕ್ರಮ ಹತ್ತಿರ ಬಂದಾಗ ನಮ್ಮ ಗಾಯಕಿ ದೊಡ್ಡ ಆರ್ಕೆಸ್ಟ್ರಾಕ್ಕೆ ಹಾರಿಹೋದಳು. ಉಳಿದದ್ದೆಲ್ಲ ಹೇಗೋ ಸರಿಹೋಗುತ್ತಿತ್ತು. ಒಂದು ಡ್ಯುಯೆಟ್ಟು ಮಾತ್ರ ಬಿಡುವ ಹಾಗಿರಲಿಲ್ಲ. ಆಗ ಎಲ್ಲರ ಬಾಯಲ್ಲಿದ್ದ ಸಿನಿಮಾ ಹಾಡು. ಹೆಣ್ಣು ಒಳಗಿನಿಂದ ಕೇಳುತ್ತಾಳೆ, ಗಂಡು ಹೊರಗಿನಿಂದ ಹೇಳುತ್ತಾನೆ:

ಬಾಗಿಲ ತಟ್ಟಿದ ಬೆರಳದು ಯಾರದು?
— ನಾನೇ, ನಾನೇ ಬಂದಿರುವೆ.
ಆರಿದ ದೀಪವ ಕೇಳಿದರ‍್ಯಾರು?
— ನಾನೇ ಹಚ್ಚಲು ಬಂದಿರುವೆ.
ಇಷ್ಟೇಕೆ ತಡವಾಯ್ತು ಬರುವುದು ನಿಮಗೆ?
— ದಾರಿಯ ಕೇಳುತ ಬಂದಿರುವೆ.
ಬಂದವರಿನ್ನು ಹೊರಟೇ ಬಿಡುವಿರಾ?
— ಇಲ್ಲೇ, ಇಲ್ಲೇ ಉಳಿದಿರುವೆ.

ದೊಡ್ಡ ಕಾವ್ಯವೇನಲ್ಲ. ನಾಯಕ ತೋಟದ ಗೇಟು ಹಾರಿ ಬರುತ್ತಾನೆ, ನಾಯಕಿ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಕೇಳುತ್ತಾಳೆ, ಅಷ್ಟೇ. ಚೆಲ್ಲಾಟದ ಹಾಡು.

ಗಾಯಕಿ ಇಲ್ಲ ಎಂದು ನಾನು ಅಡುಗೆಮನೆಯಲ್ಲಿ ಗೋಳಾಡುತ್ತಿದ್ದೆ. ಅತ್ತಿಗೆ ಒಗ್ಗರಣೆ ಹಾಕುತ್ತ, ತಿರುಗಿ ನೋಡದೆಯೇ, ತಾನು ಹಾಡುತ್ತೇನೆ ಎಂದರು. ನನಗೂ ಬೇರೆ ದಾರಿ ಇರಲಿಲ್ಲ. ಅಲ್ಲೇ ಅಭ್ಯಾಸ ನಡೆಯಿತು. ನಾನು ‘ನಾನೇ ಬಂದಿರುವೆ’ ಎಂದಾಗಲೆಲ್ಲ ಅವರಿಗೆ ಸಮಾಧಾನವಿಲ್ಲ. “ಬಂದೋನು ಹೀಗೆ ಹೇಳ್ತಾನೇನೋ? ನೀನು ಮೀಟರ್ ನೋಡೋಕೆ ಬಂದೋನ ಹಾಗೆ ಹೇಳ್ತೀಯ.” ಕೊನೆಗೆ ಒಂದು ದಿನ, ಸಾರಿನ ಪಾತ್ರೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ವಲ್ಪ ನಾಚಿಕೊಂಡೇ ಕೇಳಿದರು.

“ಮೈಕಲ್ಲಿ ನನ್ನ ಹೆಸರು ಹೇಳ್ತೀಯಾ? ಅತ್ತಿಗೆ ಅಂತ ಅಲ್ಲ. ಹೆಸರು.”

ಹೇಳುತ್ತೇನೆ ಎಂದೆ. ಅದರಲ್ಲೇನಿದೆ!

ಕಾರ್ಯಕ್ರಮದ ದಿನ ಸಂಜೆ ಒಂದು ಸುದ್ದಿ ಬಂತು. ನನಗೆ ನೋಡುತ್ತಿದ್ದ ಬಸವನಗುಡಿಯ ಹುಡುಗಿ ಮತ್ತವಳ ತಂದೆ, ಹುಡುಗ ಹೇಗಿದ್ದಾನೆ ಎಂದು ದೂರದಿಂದ ನೋಡಿ ಹೋಗಲು ಪೆಂಡಾಲಿಗೆ ಬಂದಿದ್ದಾರೆ. ವೇದಿಕೆಯ ಪಕ್ಕದಿಂದ ಇಣುಕಿದೆ. ಮೂರನೆಯ ಸಾಲಿನಲ್ಲಿ ಕೋಟು ಹಾಕಿದ ಗಂಭೀರ ಮುಖ. ಅದರ ಪಕ್ಕ ಎರಡು ಜಡೆಯ ಇನ್ನೊಂದು ಮುಖ. ನಾನು ಕೂದಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅತ್ತಿಗೆ ವೇದಿಕೆ ಹತ್ತಿದರು. ಮದುವೆಯ ರೇಷ್ಮೆ ಸೀರೆ, ಸರಿ. ಗಂಟಲಿಗೆ ಥಂಡಿ ತಾಗದಿರಲಿ ಎಂದು ಅದರ ಮೇಲೆ ಅಣ್ಣನ ಕಂದು ಮಫ್ಲರು. ಮಳೆ ಬಂದರೆ ಎಂದು ಕೈಯಲ್ಲಿ ಛತ್ರಿ. ಛತ್ರಿಯನ್ನು ಡ್ರಮ್ಮಿಗೆ ಒರಗಿಸಿದರು. ಆಮೇಲೆ ಸೊಂಟದಿಂದ ಕರ್ಚೀಫು ತೆಗೆದು, ಇಡೀ ಪೆಂಡಾಲು ನೋಡುತ್ತಿದ್ದಂತೆ, ತಮ್ಮ ಪಕ್ಕದ ಮೈಕಿನ ಕಂಬಕ್ಕೆ ಕಟ್ಟಿದರು. ಆ ಮೈಕು ನನ್ನದು. ಬೇರೆ ಯಾರೂ ಹಿಡಿಯದಿರಲಿ ಎಂದು ಜಾಗ ಹಿಡಿದಿಟ್ಟದ್ದು!

ಜನ ನಕ್ಕರು. ಗಿಟಾರಿನ ಹುಡುಗ ನನ್ನ ಕಿವಿಯಲ್ಲಿ, “ಏನ್ ಗುರು, ಅತ್ತಿಗೆ ಜೊತೆ ಡ್ಯುಯೆಟ್ಟಾ? ಜೋಡಿ ಸಖತ್ತಾಗಿದೆ,” ಎಂದ. ನಾನು ಮೂರನೆಯ ಸಾಲಿನ ಕಡೆ ನೋಡಿದೆ. ಕೋಟಿನವರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದ್ದರು. ನನ್ನ ಮುಖ ಬಿಸಿಯಾಯಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವಿತ್ತು ಎಂದು ಬರೆಯಲು ಆಸೆಯಿದೆ, ಆದರೆ ಇರಲಿಲ್ಲ. ಒಂದು ಮಫ್ಲರಿಗೆ, ಒಂದು ಛತ್ರಿಗೆ, ಒಂದು ಕರ್ಚೀಫಿಗೆ ನಾನು ನಾಚಿದೆ.

“ಅತ್ತಿಗೆ, ವೈರು ಲೂಸಾಗಿದೆ. ನೋಡ್ಕೊಂಡು ಬರ್ತೀನಿ,” ಎಂದೆ.

“ಬೇಗ ಬಾ,” ಎಂದರು.

ನಾನು ಪೆಂಡಾಲಿನ ಹಿಂದೆ ಹೋಗಿ ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತೆ. ವೈರು ಭದ್ರವಾಗಿತ್ತು.

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾದವನು ಕಬ್ಬಿನ ಸಿಪ್ಪೆಯ ಮೇಲೆ ನಿಂತಿದ್ದನಲ್ಲ! ಅಕಾರ್ಡಿಯನ್ನಿನವನು ಹಾಡಿನ ಮುಂಚಿನ ಸಂಗೀತವನ್ನು ಒಮ್ಮೆ ನುಡಿಸಿದ, ನಾನು ಬರಲಿಲ್ಲ ಎಂದು ಮತ್ತೊಮ್ಮೆ ನುಡಿಸಿದ. ಆಮೇಲೆ ಆ ಹಿತ್ತಾಳೆ ಕಂಠ ಕೇಳಿತು. ‘ಬಾಗಿಲ ತಟ್ಟಿದ ಬೆರಳದು ಯಾರದು?’

ನನ್ನ ಸಾಲು ಬರಬೇಕಾದಲ್ಲಿ ತಬಲಾ ಮಾತ್ರ ಕೇಳಿತು. ಬೇರೆ ಯಾರಾದರೂ ಆಗಿದ್ದರೆ ಆ ಸಾಲನ್ನು ತಾವೇ ಹಾಡಿಕೊಂಡು ಮುಂದೆ ಹೋಗುತ್ತಿದ್ದರು. ಅಥವಾ ಬಿಟ್ಟು ಮುಂದಿನದಕ್ಕೆ ಹಾರುತ್ತಿದ್ದರು. ಕರ್ಚೀಫು ಹಾಕಿದ ಜಾಗದಲ್ಲಿ ಅತ್ತಿಗೆ ಕೂರುತ್ತಾರೆಯೇ? ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಸುಮ್ಮನೆ ನಿಂತರು.

ಹಿಂದಿನಿಂದ ಯಾವನೋ, “ಹಾಲಿನವ್ನು ಅಮ್ಮಾ!” ಎಂದು ಕೂಗಿದ. ಪೆಂಡಾಲು ಬಿದ್ದು ಬಿದ್ದು ನಕ್ಕಿತು.

‘ಆರಿದ ದೀಪವ ಕೇಳಿದರ‍್ಯಾರು?’

“ಲೈನ್‌ಮನ್ನು!” ಮತ್ತೆ ನಗು. ಶಿಳ್ಳೆ.

ಅತ್ತಿಗೆ ಅವಸರ ಮಾಡಲಿಲ್ಲ. ನಗು ಮುಗಿಯಲಿ ಎಂದೂ ಕಾಯಲಿಲ್ಲ. ತಾಳಕ್ಕೆ ಸರಿಯಾಗಿ, ಯಾರ ಅಪ್ಪಣೆಯೂ ಬೇಡ ಎನ್ನುವ ಹಾಗೆ, ಮೂರನೆಯ ಸಾಲು ಎತ್ತಿದರು. ‘ಇಷ್ಟೇಕೆ ತಡವಾಯ್ತು ಬರುವುದು ನಿಮಗೆ?’

ಈ ಸಲ ಯಾರೂ ಕೂಗಲಿಲ್ಲ.

ಯಾಕೆ ಎಂದು ಈಗಲೂ ನನಗೆ ಪೂರ್ತಿ ಗೊತ್ತಿಲ್ಲ. ಅದೇ ಹಾಡು, ಅದೇ ಮಾತು, ಅದೇ ತಾಳ. ಗೇಟು ಹಾರಿ ಬರುವ ನಾಯಕ ಮಾತ್ರ ಬಂದಿಲ್ಲ. ಅವನು ಬರದೆ ಹೋದದ್ದರಿಂದ ಪೆಂಡಾಲಿನಲ್ಲಿದ್ದ ಒಬ್ಬೊಬ್ಬರಿಗೂ ಬರದೆ ಹೋದವರು ಯಾರೋ ನೆನಪಾದರು ಎಂದು ಕಾಣುತ್ತದೆ. ಗಾಡಿಯವನು ಕಬ್ಬು ಅರೆಯುವ ಚಕ್ರ ನಿಲ್ಲಿಸಿ ಆ ಕಡೆ ನೋಡುತ್ತಿದ್ದ. ‘ಬಂದವರಿನ್ನು ಹೊರಟೇ ಬಿಡುವಿರಾ?’ ಎಂದು ಅತ್ತಿಗೆ ಕೊನೆಯ ಸಾಲು ಹಾಡಿದರು. ಮತ್ತೆ ತಬಲಾ, ಮತ್ತೆ ಆ ಖಾಲಿ. ನನ್ನ ತುಟಿ ತಾನಾಗಿಯೇ ‘ಇಲ್ಲೇ, ಇಲ್ಲೇ’ ಎಂದು ಆಡಿತು. ಸ್ವರ ಬರಲಿಲ್ಲ.

ಚಪ್ಪಾಳೆ ಬಿತ್ತು. ಆಮೇಲೆ ನಾನು ಮಾಡಿದ್ದು ಓಡಿಹೋದದ್ದಕ್ಕಿಂತ ಕೆಟ್ಟದ್ದು. ನಾನು ಮೆಲ್ಲಗೆ ಪೆಂಡಾಲಿನೊಳಕ್ಕೆ ಬರುತ್ತಲೇ ಕೋಟಿನವರು ನೇರ ನನ್ನ ಬಳಿ ಬಂದು, ಇಬ್ಬರು ಹಾಡುವ ಹಾಡನ್ನು ಅವರೊಬ್ಬರೇ ಯಾಕೆ ಹಾಡಿದರು ಎಂದು ಕೇಳಿದರು. ಆಚೆ, ನನಗೆ ಬೆನ್ನು ಮಾಡಿ ವೇದಿಕೆಯನ್ನೇ ನೋಡುತ್ತಿದ್ದ ಎರಡು ಜಡೆ. ನಾನು ನಕ್ಕು, “ನಮ್ಮ ಅತ್ತಿಗೆ ಸಾರ್. ಅವರಿಗೆ ಸ್ವಲ್ಪ…” ಎಂದು ಹೇಳಿ ಕಿವಿಯ ಪಕ್ಕ ಬೆರಳು ತಿರುಗಿಸಿದೆ.

ಆ ಬೆರಳು ಸುತ್ತಿದ್ದು ಒಂದೇ ಸುತ್ತು. ಅದು ನಮ್ಮ ಬಂಧುಬಳಗದಲ್ಲಿ ಈವತ್ತಿಗೂ ಸುತ್ತುತ್ತಿದೆ. ‘ಕೊನೇಮನೆಯವರಿಗೆ ಸ್ವಲ್ಪ ಹಾಗೆ’ ಎಂಬ ಮಾತು ಬೀದಿಯಿಂದ ಬೀದಿಗೆ, ಮದುವೆಯಿಂದ ಮದುವೆಗೆ ಹೋಯಿತು. ಅಲ್ಲಿಯವರೆಗೆ ಅವರ ಕರ್ಚೀಫು, ಕಲ್ಲು, ತಿಗಣೆ ಎಲ್ಲ ತಮಾಷೆಯಾಗಿದ್ದವು. ಆಮೇಲೆ ಅವೆಲ್ಲ ಸಾಕ್ಷಿಗಳಾದವು.

ಆದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವನು ನಮ್ಮಣ್ಣ. ಪಾಪ, ಅವನು ಅಂದು ಅತ್ತಿಗೆ ಹಿಡಿದಿಟ್ಟ ಮೊದಲ ಸಾಲಿನ ಕುರ್ಚಿಯಲ್ಲಿ ಕಡಲೆಪುರಿ ತಿನ್ನುತ್ತ ಕೂತಿದ್ದ. ಹೆಂಡತಿ ಮೈಕಿನಲ್ಲಿ ‘ಇಷ್ಟೇಕೆ ತಡ’ ಎಂದು ಕೇಳುತ್ತಾಳೆ, ಗಂಡ ಎದುರಿಗೇ ಕೂತು ಪುರಿ ತಿನ್ನುತ್ತಾನೆ! ವಠಾರದ ಹೆಂಗಸರು ಅವನನ್ನು ನೋಡಿ ಮುಖ ತಿರುಗಿಸತೊಡಗಿದರು. ಮನೆ ಓನರಮ್ಮ ಒಂದು ದಿನ ಅವನನ್ನು ನಲ್ಲಿಯ ಹತ್ತಿರ ತಡೆದು, ಹೆಂಡತಿ ಮಕ್ಕಳಿರುವವರು ಹೊತ್ತಿಗೆ ಸರಿಯಾಗಿ ಮನೆಗೆ ಬರಬೇಕಪ್ಪ ಎಂದು ಬುದ್ಧಿ ಹೇಳಿದರು.

“ನಾನು ದಿನಾ ಐದೂವರೆಗೇ ಬರ್ತೀನಲ್ರೀ!” ಎಂದ ಅಣ್ಣ.

“ಎಲ್ಲ ಗಂಡಸರೂ ಹಾಗೇ ಹೇಳೋದು,” ಎಂದರು ಓನರಮ್ಮ.

ಹಾಡು ಹೀಗೆ ಬೀದಿಗೊಂದು ಅರ್ಥ ಪಡೆದುಕೊಂಡು ಓಡಾಡುತ್ತಿತ್ತು. ಅತ್ತಿಗೆ ಮಾತ್ರ ಯಾರಿಗೂ ಏನನ್ನೂ ವಿವರಿಸಲಿಲ್ಲ. ಅಷ್ಟೇ ಅಲ್ಲ, ಅಂದಿನಿಂದ ಆ ಹಾಡನ್ನು ಹಾಗೆಯೇ ಹಾಡತೊಡಗಿದರು. ಗೌರಿಹಬ್ಬವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ‘ಒಂದು ಹಾಡು ಹೇಳಿ’ ಎಂದರೆ ಸಾಕು, ಅದೇ ಹಾಡು, ಅದೇ ಖಾಲಿ. ಜನ ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸುವುದು ಅವರಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಹಾಗೆ ನೋಡಿದವರ ಮುಖವನ್ನೇ ನೋಡುತ್ತ ಹಾಡುತ್ತಿದ್ದರು. ಒಮ್ಮೆ ಪಕ್ಕದ ಬೀದಿಯ ರಾಯರೊಬ್ಬರು, ಒಳ್ಳೆಯ ಕಂಠದವರು, ಕನಿಕರದಿಂದ ಆ ಖಾಲಿಯಲ್ಲಿ ‘ನಾನೇ ಬಂದಿರುವೆ’ ಎಂದು ತಾವೇ ಹಾಡಿಬಿಟ್ಟರು. ಅತ್ತಿಗೆ ಹಾಡು ನಿಲ್ಲಿಸಿದರು. “ಬೇಜಾರು ಮಾಡ್ಕೋಬೇಡಿ ರಾಯರೇ. ಅಲ್ಲಿ ಜನ ಇದಾರೆ.”

ಅಣ್ಣನ ಮಗಳು ಇದನ್ನೇ ಕೇಳಿ ಬೆಳೆದವಳು. ಅವಳು ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ರೇಡಿಯೋದಲ್ಲಿ ಮೂಲ ಹಾಡು ಬಂತು. ಮಗು ಕಿವಿಗೊಟ್ಟು ಕೇಳಿ, ಮುಖ ಸಿಂಡರಿಸಿ, “ಯಾರಮ್ಮ ಇವನು? ಮಧ್ಯ ಮಧ್ಯ ಬಾಯಿ ಹಾಕ್ತಾನೆ,” ಎಂದಳು. ನೀವು ನಗುತ್ತೀರಿ. ನಾನೂ ನಕ್ಕೆ. ಆದರೆ ಈಗ ಆ ಹಾಡು ಬರೆದವರೇ ನನ್ನೆದುರು ಬಂದು ನಿಂತರೂ ಕೈಕಟ್ಟಿ ಹೇಳುತ್ತೇನೆ. ಸ್ವಾಮಿ, ಮಗು ಹೇಳಿದ್ದು ಸರಿ, ನಿಮ್ಮ ಹಾಡಿನಲ್ಲಿ ಒಬ್ಬ ಗಂಡಸು ಹೆಚ್ಚಾಗಿದ್ದಾನೆ.

ಬಸವನಗುಡಿಯ ಸಂಬಂಧ ಕೂಡಿಬಂತು. ಮಾತುಕತೆಗೆಂದು ಅವರ ಮನೆಗೆ ಹೋದಾಗ, ಕೋಟಿನವರು ಕಾಫಿ ಲೋಟ ಕೆಳಗಿಟ್ಟು ಅತ್ತಿಗೆಯನ್ನೇ ಕೇಳಿಬಿಟ್ಟರು. “ಅಲ್ಲಮ್ಮ, ಜೋಡಿ ಹಾಡನ್ನ ಅವತ್ತು ಒಬ್ಬರೇ ಯಾಕೆ ಹಾಡಿದ್ರಿ?” ನಾನು ಬಾಯಿಗೆ ಒಯ್ಯುತ್ತಿದ್ದ ಉಪ್ಪಿಟ್ಟನ್ನು ತಟ್ಟೆಗೆ ಇಳಿಸಿದೆ. ಒಂದು ಮಾತು, ಒಂದೇ ಮಾತು ಅವರು ಹೇಳಿದ್ದರೆ ನಾನು ಆ ಮನೆಯ ಮೆಟ್ಟಿಲು ಇಳಿಯಬೇಕಾಗಿತ್ತು. ಅತ್ತಿಗೆ ಸೊಂಟದಿಂದ ಕರ್ಚೀಫು ತೆಗೆದು ನಿಧಾನವಾಗಿ ಕನ್ನಡಕ ಒರೆಸಿದರು. ಮತ್ತೆ ಹಾಕಿಕೊಂಡು ನನ್ನ ಕಡೆ ನೋಡಿದರು.

“ನಂಗೆ ಹಾಗೇ ಇಷ್ಟ,” ಎಂದರು.

ಕೋಟಿನವರು ನನ್ನ ಕಡೆ ನೋಡಿ ಮೆಲ್ಲಗೆ ತಲೆ ಆಡಿಸಿದರು, ನೀನು ಹೇಳಿದ್ದು ನಿಜ ಎನ್ನುವ ಹಾಗೆ. ನಾನು ಉಪ್ಪಿಟ್ಟು ತಿಂದೆ. ತಿಂದೆ ಎಂದು ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತದೆ.

ಮದುವೆಯಾಗಿ ಕೆಲವು ದಿನದ ಮೇಲೆ ನಾನು ಹೆಂಡತಿಯನ್ನು ಗತ್ತಿನಿಂದ ಕೇಳಿದೆ, ಆವತ್ತು ಪೆಂಡಾಲಿನಲ್ಲಿ ನನ್ನಲ್ಲಿ ಏನು ನೋಡಿ ಒಪ್ಪಿದೆ ಎಂದು. ಕಿವಿ ಮುಚ್ಚುವ ಕೂದಲಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರಬಹುದೆಂಬ ನಿರೀಕ್ಷೆ.

“ನಿಮ್ಮನ್ನೆಲ್ಲಿ ನೋಡಿದೆ? ನೀವು ಸ್ಟೇಜ್ ಮೇಲೆ ಇರಲೇ ಇಲ್ಲ,” ಎಂದಳು. “ಆ ಅತ್ತಿಗೆ ಇರೋ ಮನೆಗೆ ಸೇರಬೇಕು ಅನ್ನಿಸ್ತು. ಅಷ್ಟು ಜನ ನಗ್ತಾ ಇದ್ರೂ ನಿಂತಿದ್ರಲ್ಲ.”

ಹೇಗಿದೆ! ನಾನು ಓಡಿಹೋದದ್ದರಿಂದಲೇ ನನ್ನ ಮದುವೆಯಾಯಿತು. ಇದನ್ನು ಇವಳಿಗೆ ಹೇಳುವುದು ಹೇಗೆ? ಹೇಳಲಿಲ್ಲ. ಇವಳಿಗೆ ಹೇಳದೆ ಅತ್ತಿಗೆಯ ಕ್ಷಮೆ ಕೇಳುವುದು ಹೇಗೆ? ಕೇಳಲಿಲ್ಲ. ಸುಳ್ಳಿನ ಗೋಡೆಯ ಮೇಲೆ ನನ್ನ ಸಂಸಾರದ ಮಹಡಿ ಎದ್ದಿತು.

ನಮಗೆ ಬಹಳ ಕಾಲ ಮಕ್ಕಳಾಗಲಿಲ್ಲ. ಡಾಕ್ಟರು, ದೇವರು, ಹರಕೆ ಎಲ್ಲ ಆಯಿತು. ಎಂಬತ್ತರ ದಶಕದ ನಡುವೆ, ಜೆ.ಪಿ. ನಗರದಲ್ಲಿ ಸಣ್ಣದೊಂದು ಮನೆಗೆ ನಾವು ಬೇರೆ ಬಂದ ಮೇಲೆ, ಮಗಳು ಹುಟ್ಟಿದಳು. ಆಗ ಅಲ್ಲಿ ಅರ್ಧಕ್ಕರ್ಧ ಖಾಲಿ ಸೈಟು. ಮನೆ ತುಂಬಾ ನೆಂಟರು ಸೇರಿ ತೊಟ್ಟಿಲ ಶಾಸ್ತ್ರ ನಡೆಯಿತು. ಹೆಂಗಸರು ಸಾಂಪ್ರದಾಯಿಕ ಜೋಗುಳಗಳನ್ನೆಲ್ಲ ಹಾಡಿದ ಮೇಲೆ ಯಾರೋ ತುಂಟತನದಿಂದ, “ಕೊನೇಮನೆಯವರೇ, ನಿಮ್ಮದೊಂದು ಆಗಲಿ,” ಎಂದರು. ಸುತ್ತ ಕಣ್ಣು ಮಿಟುಕುಗಳು. ನನ್ನ ಬೆರಳಿನ ಮರಿ ಮೊಮ್ಮಕ್ಕಳು.

ಅತ್ತಿಗೆ ತೊಟ್ಟಿಲ ಹಗ್ಗ ಹಿಡಿದರು. ಅದೇ ಹಾಡು. ಆದರೆ ತಾಳ ಬೇರೆ, ತೊಟ್ಟಿಲು ತೂಗುವ ತಾಳ. ಮಗುವಿನ ಕಡೆ ಬಗ್ಗಿ, ಯಾರೋ ಹೊಸಬರನ್ನು ಮರ್ಯಾದೆಯಿಂದ ವಿಚಾರಿಸುವ ಹಾಗೆ ಕೇಳಿದರು. ‘ಬಾಗಿಲ ತಟ್ಟಿದ ಬೆರಳದು ಯಾರದು?’

ಸುಮ್ಮನಾದರು. ತೊಟ್ಟಿಲು ಒಮ್ಮೆ ಹೋಗಿ ಬಂತು. ಆ ಖಾಲಿಯಲ್ಲಿ ಮಗು ‘ಹ್ಞೂಂ’ ಎಂದಿತು.

ಎಲ್ಲರೂ ನಕ್ಕರು, ಆದರೆ ಅದು ಬೇರೆ ನಗು. ‘ಆರಿದ ದೀಪವ ಕೇಳಿದರ‍್ಯಾರು?’ ಮಗು ಕೈ ಮುಷ್ಟಿ ಎತ್ತಿತು. ‘ಇಷ್ಟೇಕೆ ತಡವಾಯ್ತು ಬರುವುದು ನಿಮಗೆ?’ ಎಂದಾಗ ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಣ್ಣು ಮಿಟುಕಿಸಿದವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಹೇಳುವುದೇನೆಂದರೆ, ಹಾಡನ್ನು ಬರೆದವನಿಗೆ ಅದರ ಅರ್ಥ ಗೊತ್ತಿರುತ್ತದೆ ಎಂಬುದು ದೊಡ್ಡ ಭ್ರಮೆ. ಅವನು ಬಾಗಿಲು ಮಾತ್ರ ಮಾಡಿಡುತ್ತಾನೆ, ಯಾರು ಬಂದು ತಟ್ಟುತ್ತಾರೆ ಎಂದು ಅವನಿಗೇನು ಗೊತ್ತು?

ಕೊನೆಯ ಸಾಲಿಗೆ ಬಂದಾಗ ಅತ್ತಿಗೆ ಮಗುವನ್ನು ನೋಡಲಿಲ್ಲ. ತಲೆಯೆತ್ತಿ, ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ‘ಬಂದವರಿನ್ನು ಹೊರಟೇ ಬಿಡುವಿರಾ?’

ತೊಟ್ಟಿಲು ಹೋಗಿ ಬಂತು. ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು, ಹಾಡುವುದಕ್ಕೆ ಬೇಕಾಗಿದ್ದದ್ದು ಒಂದೇ ಉಸಿರು. ನಾನು, ಅಡುಗೆಯವರಿಗೆ ಎಲೆ ಸಾಲದೆ ಬಂತೇನೋ ಎಂದು ಯಾರಿಗೋ ಹೇಳಿ, ಹಿತ್ತಲಿಗೆ ಹೋದೆ. ಎಲೆ ಬೇಕಾದಷ್ಟಿತ್ತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಅಲ್ಲಿಗೆ ಬಂದರು. ಬಾಳೆಲೆಯ ಕಟ್ಟಿನ ಮುಂದೆ ನಿಂತ ನನ್ನನ್ನು ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಕೇಳಿದರು.

“ಇನ್ನೂ ವೈರು ಲೂಸಾಗೇ ಇದೆಯೇನೋ?”

ನಾನು ಎಲೆ ಎಣಿಸುವವನ ಹಾಗೆ ಕಟ್ಟಿನ ಮೇಲೆ ಬಗ್ಗಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಓಡಿದ್ದೂ, ಬೆರಳು ತಿರುಗಿಸಿದ್ದೂ. ಗೊತ್ತಿದ್ದೂ, ಒಂದು ಇಡೀ ಊರು ತಮ್ಮನ್ನು ನೋಡಿ ನಗುವುದನ್ನು ಎದುರಿಗೆ ನಿಂತು ನೋಡಿದ್ದರು.

“ಬೇರೆ ಯಾರ್ನೂ ಕೂರಿಸಿಲ್ಲ ಕಣೋ ಅಲ್ಲಿ,” ಎಂದರು. “ನಿಂಗೆ ಯಾವಾಗ ಆಗತ್ತೋ ಆವಾಗ ಬಾ.” ಎಲೆಯ ಕಟ್ಟೊಂದನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಹೋಗಲಿಲ್ಲ. ಮುಂದಿನ ಹಬ್ಬಕ್ಕೆ ಎಂದುಕೊಂಡೆ. ಮಗಳ ಹುಟ್ಟುಹಬ್ಬಕ್ಕೆ ಎಂದುಕೊಂಡೆ. ಒಂದು ಬೇಸಿಗೆಯಲ್ಲಿ ಅತ್ತಿಗೆಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕರ್ಚೀಫು ಮಡಿಸಿ ಇಟ್ಟಿತ್ತು. ನೋಡಲು ಬಂದವರೆಲ್ಲ ನಿಂತುಕೊಂಡೇ ಮಾತಾಡಿಸಿ ಹೋದರಂತೆ. ನಾನು ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಹೋಗುವ ಹೊತ್ತಿಗೆ ಸ್ಟೂಲು ಇತ್ತು, ಕರ್ಚೀಫು ಇತ್ತು. ಇಷ್ಟೇಕೆ ತಡವಾಯ್ತು ಎಂದು ಕೇಳುವವರು ಇರಲಿಲ್ಲ.

ಆ ಕರ್ಚೀಫು ಈಗ ನನ್ನ ಬಳಿ ಇದೆ. ನಿನ್ನೆ ಇದನ್ನೆಲ್ಲ ಮೊದಲು ಹೆಂಡತಿಗೆ ಓದಿ ಹೇಳಿದೆ. ಅವಳು ಆ ಕರ್ಚೀಫನ್ನು ಬಿಚ್ಚಿ, ಮತ್ತೆ ಮಡಿಸಿಟ್ಟಳು. ಆಮೇಲೆ, “ನನ್ನ ಹತ್ರ ಹೇಳಿದ್ದು ಸಾಲದು. ಅವರು ಕೇಳಿದ್ದನ್ನ ಕೊಡಿ,” ಎಂದಳು.

ಸರಿ. ನೆಂಟರೆಲ್ಲ ಕೇಳಿಸಿಕೊಳ್ಳಲಿ, ಬೆರಳು ತಿರುಗಿಸಿದವರೆಲ್ಲ ಕೇಳಿಸಿಕೊಳ್ಳಲಿ. ಹುಚ್ಚು ಅವರಿಗಿರಲಿಲ್ಲ, ಹೇಡಿತನ ನನಗಿತ್ತು. ಮೈಕು ಕೈಯಲ್ಲಿದೆ, ವೈರು ಭದ್ರವಾಗಿದೆ. ಅತ್ತಿಗೆ, ನಾನೇ, ನಾನೇ ಬಂದಿರುವೆ.

ಸಂಗೀತಪ್ರಿಯರೇ, ಈಗ ನಿಮ್ಮ ಮುಂದೆ ಹಾಡುವವರು, ಶ್ರೀಮತಿ ವಿಶಾಲಾಕ್ಷಮ್ಮ.